ಮೀಸೆಗಳ ಜೀಪು

ಸರಕಾರಿ ಪ್ರಚಾರದ ಜೀಪಿನಲ್ಲಿ ಮೈಕು ಹಿಡಿದು ಕೂತವನಿಗೆ ನಗೆಪ್ರಸಂಗಗಳ ಬರವಿಲ್ಲ. ನಕ್ಕಮೇಲೆ ಊಟ ರುಚಿಸುವುದಿಲ್ಲ, ಅಷ್ಟೆ. ಎಂಬತ್ತರ ದಶಕದ ಕೊನೆಯ ಒಂದು ಮಳೆಗಾಲ ಕಾಲುವೆ ಸೀಮೆಯಲ್ಲಿ ವಾಂತಿಭೇದಿ ಎದ್ದು, ಜನ ಸಾಯತೊಡಗಿದ್ದರು. "ನೀರು ಕುದಿಸಿ ಕುಡಿಯಿರಿ" ಎಂದು ಸಾರುವುದು ನಮ್ಮ ಕೆಲಸ. ಸಾಹೇಬರು, ಗುಮಾಸ್ತರು, ಡ್ರೈವರ್, ನಾನು. ಎಲ್ಲರೂ ಗಂಡಸರು, ಎಲ್ಲರಿಗೂ ಮೀಸೆ.

೧. ಮಸ್ಕಿ ಕಡೆಯ ಓಟ

ಮಸ್ಕಿ ಹತ್ತಿರದ ಒಂದು ಹಳ್ಳಿಗೆ ಜೀಪು ನುಗ್ಗಿದ್ದೇ ತಡ, ಗಂಡಸರೆಲ್ಲ ಸಜ್ಜೆ ಹೊಲ ಬಿದ್ದು ಓಡಿದರು. ಹಿಂದೊಮ್ಮೆ ಇಂಥದೇ ಜೀಪು ಬಂದು ಕುಟುಂಬ ಯೋಜನೆ ಆಪರೇಷನ್ನಿಗೆ ಜನರನ್ನು ಎತ್ತಿಹಾಕಿಕೊಂಡು ಹೋಗಿತ್ತಂತೆ. ಕಟ್ಟೆಯ ಮೇಲೆ ಉಳಿದವನು ಒಬ್ಬ ಹಣ್ಣು ಮುದುಕ. ಸಾಹೇಬರು ಬಾಯಿ ತೆರೆಯುವ ಮೊದಲೇ ಕೋಲು ಊರಿ ಎದ್ದ.

"ನಡೀರಿ, ನನ್ನ ಒಯ್ರಿ. ಇನ್ನ ನನಗೇನು ಮಕ್ಕಳಾಗೂದೈತಿ?"

೨. ಸಿಂಧನೂರಿನ ಕ್ಯಾಂಪು

ಆಂಧ್ರದಿಂದ ಬಂದು ಭತ್ತ ಬೆಳೆಯುವವರ ಕ್ಯಾಂಪು ಅದು. ನಮ್ಮಲ್ಲಿ ತೆಲುಗು ಬಲ್ಲವನು ಒಬ್ಬನೂ ಇರಲಿಲ್ಲ. ಸಾಹೇಬರು ಮೈಸೂರಿನವರು. "ಕಲುಷಿತ ಜಲವನ್ನು ಸೇವಿಸದಿರಿ" ಎಂದು ಗಂಟಲು ಹರಿಯುವಂತೆ ಮಾತಾಡಿದರು. ಜನ ಕೈಮುಗಿದುಕೊಂಡೇ ಕೇಳಿದರು. ಭಾಷಣ ಮುಗಿದಾಗ ಒಬ್ಬ ಹಿರಿಯ, ಪಾಪ ದಣಿದಿದ್ದಾರೆಂದು, ತಂಬಿಗೆ ತುಂಬ ಕಾಲುವೆ ನೀರು ತಂದುಕೊಟ್ಟ. ಬೇಡ ಎನ್ನಲು ಭಾಷೆ ಬಾರದೆ ಸಾಹೇಬರು ಗಟಗಟ ಕುಡಿದುಬಿಟ್ಟರು.

ಮರುದಿನ ಅವರು ಆಸ್ಪತ್ರೆಯಲ್ಲಿ ಸಲೈನ್ ಹಚ್ಚಿಸಿಕೊಂಡು ಮಲಗಿದ್ದರು.

೩. ತುರ್ವಿಹಾಳದ ಕಟ್ಟೆ

ಸಾಹೇಬರು ಚೇತರಿಸಿಕೊಂಡು ಬಂದ ಮೇಲೆ ತುರ್ವಿಹಾಳಕ್ಕೆ ಹೋದೆವು. ಹಿರಿಯರ ಕಟ್ಟೆಗೆ ಹೇಳಿದರೆ ಊರಿಗೆ ಹೇಳಿದಂತೆ ಎಂಬುದು ನಮ್ಮ ಪದ್ಧತಿ. ಆ ಕಟ್ಟೆಯ ಮೇಲೆ ಕೂತವರಲ್ಲಿ ಒಬ್ಬನೂ ಜನ್ಮದಲ್ಲಿ ನೀರಿನ ಕೊಡ ಹೊತ್ತವನಲ್ಲ. ನಾಟಿಗೆ ಹೊರಟಿದ್ದ ಹೆಣ್ಣಾಳುಗಳಲ್ಲಿ ಒಬ್ಬಳು ದೂರದಿಂದಲೇ ಕೂಗಿದಳು: "ಏನ್ ಹೇಳಾಕತ್ತೀರ್ರೀ? ನಮಗೂ ಹೇಳ್ರಲ್ಲ!" ಮೈಕನ್ನು ಮೀರಿಸುವ ದನಿ.

"ಗಂಡಸರಿಗೆ ಹೇಳಿದ್ದೇವಮ್ಮ, ಮನೆಯಲ್ಲಿ ಕೇಳಿಕೋ" ಎಂದರು ಸಾಹೇಬರು.

ವಾರದೊಳಗೆ ಅವಳು ವಾಂತಿಭೇದಿಯಿಂದ ಸತ್ತಳು. ಸುದ್ದಿ ತಿಳಿದು ನಾವು ಅವಳ ಮನೆಗೆ ಹೋದಾಗ, ಕಟ್ಟೆಯಲ್ಲಿ ನಮ್ಮ ಮಾತು ಕೇಳಿದ್ದ ಅವಳ ಮಾವ ಅಂಗಳದಲ್ಲಿ ಕೂತಿದ್ದ.

"ಮನೆಯಲ್ಲಿ ಹೇಳಲಿಲ್ಲವೇನಯ್ಯಾ?" ಎಂದರು ಸಾಹೇಬರು.

"ನೀವೇನೋ ಭಾಳ ಛಲೋ ಹೇಳಿದ್ರಿ. ಆದ್ರ ಸೊಸಿ ಕೂಡ ಮಾವ ಮಾತಾಡೂದು ನಮ್ಮಾಗ ಇಲ್ರೀ."

ಅಂದಿನ ಸಿಟ್ಟು ನನಗೆ ಇನ್ನೂ ಇಳಿದಿಲ್ಲ.

೪. ಲಿಂಗಸುಗೂರಿನ ತೀರ್ಮಾನ

ಲಿಂಗಸುಗೂರಿನಲ್ಲಿ ಮೀಟಿಂಗು ನಡೆದು, ಹೆಂಗಸರಿಗೆ ಹೆಂಗಸೇ ಹೇಳಬೇಕೆಂದು ತೀರ್ಮಾನವಾಯಿತು. ಆದರೆ ಹೆಂಗಸಿಗೆ ಹುದ್ದೆ ಇಲ್ಲ. ಆಗ ಮೀಟಿಂಗಿಗೆ ಬಂದಿದ್ದ, ನಮ್ಮ ಸಾಹೇಬರಿಗೂ ಮೇಲಿನ ದೊಡ್ಡ ಸಾಹೇಬರಿಗೆ ನೆನಪಾಯಿತು: ನಾನು ಹರೆಯದಲ್ಲಿ ನಮ್ಮೂರ ನಾಟಕಗಳಲ್ಲಿ ಹೆಣ್ಣುಪಾತ್ರ ಮಾಡುತ್ತಿದ್ದೆನಲ್ಲ!

ಮರುದಿನ ಬೆಳಿಗ್ಗೆ ತುರ್ವಿಹಾಳದ ಕಾಲುವೆ ದಂಡೆಗೆ ಜೀಪು ನಿಲ್ಲಿಸಿ, ಪರದೆ ಎಳೆದುಕೊಂಡು ನಾನು ಹೆಣ್ಣುದನಿ ತೆಗೆದೆ: "ಅಕ್ಕಗಳಿರಾ, ನೀರು ಕುದಿಸಿ ಕುಡೀರೆವ್ವಾ..." ಹೆಂಗಸರು ಕೊಡ ಇಳಿಸಿ ನಿಂತು ಕೇಳಿದರು. ಅಷ್ಟರಲ್ಲಿ ಒಬ್ಬ ಮುದುಕಿ ಬಂದು ಪರದೆ ಸರಿಸಿದಳು. ಸತ್ತವಳ ಅತ್ತೆ. ನನ್ನ ಮೀಸೆ ಕಂಡು ಸುತ್ತಲಿನವರೆಲ್ಲ ಬಿದ್ದು ಬಿದ್ದು ನಕ್ಕರು. ಅವಳು ನಗಲಿಲ್ಲ.

"ಹೇಳಾಕ ಹೆಣ್ಮಗಳು ಬೇಕಾಗಿದ್ಲೇನಪಾ?" ಎಂದಳು. "ನನ್ನ ಸೊಸಿ ಇದ್ಲಲ್ಲೋ. ಆಕಿಗೆ ಮೈಕೂ ಬೇಕಾಗಿದ್ದಿಲ್ಲ."