ಸೀರೆ ಅಂಗಡಿಯಲ್ಲಿ ಹಾರ್ಮೋನಿನ ಹಾವಳಿ

ನಮ್ಮ ಅಂಗಡಿಯಲ್ಲಿ ಸೀರೆಯ ಬಗ್ಗೆ ಗೊತ್ತಿಲ್ಲದ ಗಂಡಸಿಲ್ಲ. ಸೀರೆಯೊಳಗಿನ ಹೆಂಗಸಿನ ಬಗ್ಗೆ ಗೊತ್ತಿರುವ ಗಂಡಸೂ ಇಲ್ಲ. ಹಾಗಾಗಿ ಇಂಥವು ನಡೆಯುತ್ತಲೇ ಇರುತ್ತವೆ. ಒಂದಕ್ಕೆ ನಕ್ಕು ಮುಗಿಸುವಷ್ಟರಲ್ಲಿ, ಇಲ್ಲವೇ ಹಲ್ಲು ಕಡಿದು ಮುಗಿಸುವಷ್ಟರಲ್ಲಿ, ಇನ್ನೊಂದು ಬಂದು ನಿಂತಿರುತ್ತದೆ.

ಮೈಸೂರಿನ ಈ ಅಂಗಡಿಯ ರೇಷ್ಮೆ ವಿಭಾಗದಲ್ಲಿ ಸೀರೆ ಬಿಚ್ಚಿ ಬಿಚ್ಚಿ ತೋರಿಸುತ್ತಲೇ ನನ್ನ ತಲೆ ಅರ್ಧ ಬೆಳ್ಳಗಾಗಿದೆ. ಬೆಳಿಗ್ಗೆ ಬಾಗಿಲು ತೆಗೆದಾಗ ನಿಂತರೆ ಶಟರ್ ಎಳೆಯುವವರೆಗೂ ನಿಂತೇ ಇರಬೇಕು. ಊಟದ ಹೊತ್ತು ಬಿಟ್ಟರೆ ಕೂರುವ ಹಾಗಿಲ್ಲ. ಇದು ಯಜಮಾನರ ಕಟ್ಟಪ್ಪಣೆ. ಅದನ್ನು ಅವರು ನಮಗೆ ಹೇಳಿದ್ದು ಕೂತುಕೊಂಡು.

೧. ಬೆವರು

ಮುಟ್ಟು ನಿಲ್ಲುವ ಕಾಲ ನನಗೆ ಹೇಳದೇ ಕೇಳದೇ ಬಂತು. ಸುಮ್ಮನೆ ನಿಂತಿದ್ದ ಹಾಗೇ ಎದೆಯಿಂದ ಒಂದು ಬಿಸಿ ಏಳುತ್ತದೆ. ಒಲೆಯೊಳಗೆ ಮುಖ ಇಟ್ಟ ಹಾಗೆ ಕುತ್ತಿಗೆ, ಕಿವಿ, ನೆತ್ತಿ ಎಲ್ಲಾ ಧಗಧಗ. ಕಣ್ಣು ಮಿಟುಕಿಸುವಷ್ಟರಲ್ಲಿ ಬ್ಲೌಸು ಒದ್ದೆ.

"ಗಾಬರಿ ಬೇಡ ಕಣಮ್ಮ, ಹಾರ್ಮೋನು ಏರುಪೇರು ಅಷ್ಟೆ. ಗಾಳಿ ಆಡೋ ಕಡೆ ಇರಿ" ಅಂದರು ಡಾಕ್ಟರಮ್ಮ. ನಮ್ಮ ವಿಭಾಗದಲ್ಲಿ ಗಾಳಿ ಅಂದರೆ ಏಸಿ. ಅದರ ರಿಮೋಟು ಯಜಮಾನರ ಜೇಬಿನಲ್ಲಿ.

"ಸಾರ್, ಸ್ವಲ್ಪ ಏಸಿ ಹಾಕಿ" ಅಂದೆ.

"ಗಿರಾಕಿಗಳೇ ಇಲ್ವಲ್ಲಮ್ಮ?"

"ನಾನಿದ್ದೀನಲ್ಲ ಸಾರ್."

"ನೀವು ಸೀರೆ ತಗೋತೀರಾ?"

ಒಂದು ಮಧ್ಯಾಹ್ನ ಕುವೆಂಪುನಗರದ ಟೀಚರೊಬ್ಬರು ಗೆಳತಿಯ ಜೊತೆ ಬಂದರು. ಯಜಮಾನರು ಏಸಿ ಹಾಕಿದರು. ಅದು ತಣ್ಣಗಾಗುವ ಮೊದಲೇ ನಾನು ಬಿಸಿಯಾದೆ. "ಅಪ್ಪಟ ರೇಷ್ಮೆ ಮೇಡಂ, ಜರಿನೂ ಅಸಲಿ" ಅನ್ನುತ್ತಿದ್ದ ಹಾಗೇ ಹಣೆಯಿಂದ ಧಾರಾಕಾರ ಬೆವರು. ಟೀಚರು ನನ್ನನ್ನು ನೋಡಿದರು, ಸೀರೆ ನೋಡಿದರು, ಇನ್ನೊಂದು ಸಲ ನನ್ನನ್ನು ನೋಡಿದರು. ಆಮೇಲೆ ಗೆಳತಿಯ ಕೈ ಹಿಡಿದು ಎಳೆದರು.

"ನಡೀರಿ ಹೋಗೋಣ. ಸುಳ್ಳು ಹೇಳೋಕೆ ಪಾಪ ಆಯಮ್ಮನಿಗೆ ಎಷ್ಟು ಕಷ್ಟ ಆಗ್ತಿದೆ ನೋಡಿ!"

೨. ಕೂತ ಬೊಂಬೆ

ನನ್ನ ಪಕ್ಕದ ಕೌಂಟರಿನ ಹುಡುಗಿ ರಾಜೀವನಗರದಿಂದ ಬಸ್ಸಿನಲ್ಲಿ ಬರುತ್ತಾಳೆ. ಅವಳಿಗೆ ಪಿಸಿಓಡಿ. ಮುಟ್ಟು ತಿಂಗಳುಗಟ್ಟಲೆ ನಾಪತ್ತೆ. ಬಂತೋ, ಆಳನ್ನು ನೆಲಕ್ಕೆ ಕೆಡವುವ ಹಾಗೆ ಬರುತ್ತದೆ. ಅಂಥ ಒಂದು ದಿನ ಧೈರ್ಯ ಮಾಡಿ ಯಜಮಾನರ ಹತ್ತಿರ ಹೋದಳು.

"ಸಾರ್, ಕೌಂಟರ್ ಹಿಂದೆ ಒಂದು ಸ್ಟೂಲ್ ಹಾಕಿಸಿ. ಗಿರಾಕಿ ಬಂದ ತಕ್ಷಣ ಎದ್ಬುಡ್ತೀನಿ."

"ಸೇಲ್ಸ್ ಹುಡುಗೀರು ಕೂತ್ಬುಟ್ರೆ ಅಂಗಡಿಗೆ ಕಳೆನೇ ಇರಲ್ಲ ಕಣಮ್ಮ."

ಅದೇ ವಾರ ಮುಂದಿನ ಗಾಜಿನ ಕಿಟಕಿಗೆ ಹೊಸ ಬೊಂಬೆ ಬಂತು. ನಿಂತ ಬೊಂಬೆಗಳು ಹಳೇ ಫ್ಯಾಷನ್ ಅಂತೆ. ಇದು ಕಾಲ ಮೇಲೆ ಕಾಲು ಹಾಕಿ ಕೂತಿತ್ತು. ಅದಕ್ಕೊಂದು ಕೆತ್ತನೆಯ ಕುರ್ಚಿ, ಬೆನ್ನಿಗೆ ಮಖಮಲ್ಲಿನ ದಿಂಬು, ಪಾದದ ಕೆಳಗೆ ಪುಟ್ಟ ಮಣೆ. ಯಜಮಾನರು ದೂರ ನಿಂತು, ಕತ್ತು ವಾರೆ ಮಾಡಿ, "ಹೇಗಿದೆ?" ಅಂತ ನಮ್ಮನ್ನೆಲ್ಲ ಕರೆದು ಕೇಳಿದರು.

ಹುಡುಗಿ ಹೊಟ್ಟೆ ಅಮುಕಿಕೊಂಡು ಬಂದು ನೋಡಿದಳು.

"ಚೆನ್ನಾಗಿದೆ ಸಾರ್. ಆಯಮ್ಮನಿಗೆ ಇವತ್ತು ಎಷ್ಟನೇ ದಿನ?"

೩. ಮದುವೆ ಎಂಬ ಔಷಧಿ

ಆ ಮಾತಿಗೆ ಯಜಮಾನರು ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು, ಸಲಹೆ ಕೊಟ್ಟರು. ನಮ್ಮ ಕಾಯಿಲೆಗಳಿಗೆ ರಜೆ ಇಲ್ಲ, ಕುರ್ಚಿ ಇಲ್ಲ. ಸಲಹೆಗೆ ಮಾತ್ರ ಬರವಿಲ್ಲ. ಒಬ್ಬರು ಮೆಂತ್ಯದ ನೀರು ಕುಡಿ ಅಂತಾರೆ, ಇನ್ನೊಬ್ಬರು ಅನ್ನ ಬಿಡು ಅಂತಾರೆ. ಎರಡು ಗಳಿಗೆ ಕೂತ್ಕೊ ಅಂದವರು ಒಬ್ಬರೂ ಇಲ್ಲ.

"ನಿಮ್ಮನೇಲಿ ಬೇಗ ಮದುವೆ ಮಾಡೋಕೆ ಹೇಳಮ್ಮ" ಅಂದರು ಯಜಮಾನರು. "ಮದುವೆ ಆದ್ರೆ ಇವೆಲ್ಲ ತಾನಾಗೇ ಸರಿಹೋಗುತ್ತೆ."

ಹುಡುಗಿ ತಲೆ ತಗ್ಗಿಸಿದಳು. ನನಗೆ ಮೈಯೆಲ್ಲ ಉರಿಯಿತು. ಈ ಸಲದ ಉರಿಗೂ ಹಾರ್ಮೋನಿಗೂ ಸಂಬಂಧ ಇರಲಿಲ್ಲ. ನಾನು ಬಾಯಿ ತೆಗೆಯುವ ಮೊದಲೇ ಬಿಲ್ಲಿಂಗ್ ಕೌಂಟರಿನವಳು ಮುಂದೆ ಬಂದಳು. ಇಬ್ಬರು ಮಕ್ಕಳ ತಾಯಿ ಅವಳು, ಅವಳಿಗೂ ಇದೇ ಪಿಸಿಓಡಿ, ಜೊತೆಗೆ ಥೈರಾಯ್ಡ್ ಬೇರೆ.

"ಸಾರ್, ನಂಗೆ ಮದುವೆ ಆಗಿ ಮಕ್ಕಳು ಹೈಸ್ಕೂಲಿಗೆ ಬಂದವೆ. ಇನ್ನೂ ಸರಿಹೋಗಿಲ್ಲ. ಡೋಸ್ ಸಾಲ್ದಾ? ಇನ್ನೊಂದು ಆಗ್ಬುಡ್ಲಾ?"

೪. ಹಿಮಾಲಯ

ಮಹಿಳಾ ದಿನಾಚರಣೆ ಬಂತು. ಯಜಮಾನರು ನಮಗೆಲ್ಲ ಒಂದೊಂದು ಗುಲಾಬಿ ಕೊಟ್ಟು, ಹೆಣ್ಣಿನ ಆರೋಗ್ಯದ ಬಗ್ಗೆ ಮಾತಾಡಲು ಕೋಟು ಟೈ ಹಾಕಿದ ಭಾಷಣಕಾರರೊಬ್ಬರನ್ನು ಕರೆಸಿದರು. ಇದ್ದ ಕುರ್ಚಿಗಳಲ್ಲಿ ಗಂಡಸರು ಕೂತರು. ಹೂವು ಹಿಡಿದುಕೊಂಡು ನಾವು ಹಿಂದೆ ನಿಂತೆವು.

"ಹಾರ್ಮೋನು ಗೀರ್ಮೋನು ಎಲ್ಲಾ ಮನಸ್ಸಿನ ಆಟ ತಾಯಂದಿರೇ! ಬಿಸಿ ಅನ್ನಿಸಿದರೆ ಕಣ್ಣು ಮುಚ್ಚಿ ಹಿಮಾಲಯ ನೆನೆಸಿಕೊಳ್ಳಿ. ತಂಪು ತಾನಾಗೇ ಬರುತ್ತೆ."

ಅಷ್ಟರಲ್ಲಿ ಕರೆಂಟು ಹೋಯಿತು. ಮಾರ್ಚ್ ತಿಂಗಳ ಮಧ್ಯಾಹ್ನ, ಏಸಿ ಬಂದ್, ಜನರೇಟರು ಕೆಟ್ಟಿತ್ತು. ಸ್ವಲ್ಪ ಹೊತ್ತಿಗೆ ಭಾಷಣಕಾರರ ಮುಖ ಟೊಮ್ಯಾಟೊ ಆಯಿತು. ಟೈ ಸಡಿಲ ಮಾಡಿದರು. ಕೋಟು ಬಿಚ್ಚಿದರು. ಕರವಸ್ತ್ರ ಹಿಂಡಿದರು. ನಾನು ಒಂದು ಲೋಟ ನೀರು ತಗೊಂಡು ಹತ್ತಿರ ಹೋಗಿ ಭಕ್ತಿಯಿಂದ ಹೇಳಿದೆ:

"ಹಿಮಾಲಯ ನೆನೆಸ್ಕೊಳ್ಳಿ ಸಾರ್."

"ಹಿಮಾಲಯ ಹಾಳಾಗ್ಲಿ, ಮೊದ್ಲು ಆ ಬಾಗಿಲು ತೆಗೀರಮ್ಮ!"

೫. ಕಾಫಿ ಬಣ್ಣ ನಿನಗೆ ಒಪ್ಪಲ್ಲ

ಈಗ ನಮ್ಮ ಅಂಗಡಿಯ ಪ್ರತಿ ಕೌಂಟರಿನ ಹಿಂದೆ ಒಂದೊಂದು ಸ್ಟೂಲ್ ಇದೆ. ನಾವು ಕೇಳಿದ್ದಕ್ಕೆ ಬಂದದ್ದಲ್ಲ, ಅಜ್ಜಿಯೊಬ್ಬರು ಬಂದುಹೋದ ಮಾರನೇ ದಿನ ಬಂದವು.

ಲಕ್ಷ್ಮೀಪುರಂನ ದೊಡ್ಡ ಕುಟುಂಬ, ಮೊಮ್ಮಗಳ ಮದುವೆಯ ಜವಳಿ. ಅಜ್ಜಿ ಮುಂದಾಳು. ನನ್ನ ಪಕ್ಕದ ಕೌಂಟರಿನ ಹುಡುಗಿ ಸೀರೆ ಬಿಚ್ಚುತ್ತಾ ಬಿಚ್ಚುತ್ತಾ ಬಿಳಿಚಿಕೊಂಡು, ಸೀರೆಗಳ ರಾಶಿಯ ಮೇಲೇ ಕುಸಿದಳು. ನಾನು ಓಡಿಹೋಗಿ ತಲೆ ಎತ್ತಿ ಹಿಡಿದೆ. ಯಜಮಾನರೂ ಓಡಿಬಂದರು, "ಅಯ್ಯೋ, ಸೀರೆ ಹುಷಾರು!" ಅನ್ನುತ್ತಾ.

ಹುಡುಗಿ ಕಣ್ಣು ಬಿಟ್ಟಳು. ಅಜ್ಜಿ ಅವಳ ಕೆನ್ನೆ ಮುಟ್ಟಿ, ಅಂಗಡಿಗೆಲ್ಲ ಕೇಳುವ ಹಾಗೆ, "ಮುಟ್ಟಾಗಿದ್ದೀಯೇನೇ ಮಗಳೇ?" ಅಂದರು. ಯಜಮಾನರು ಛಾವಣಿ ನೋಡತೊಡಗಿದರು.

"ಅಲ್ಲೇನಪ್ಪ ನೋಡ್ತೀಯ? ಕುರ್ಚಿ ತಾ."

"ಹಿಂದೆ ಗೋಡೌನಲ್ಲಿ ಮಲಗಿಸ್ತೀವಿ ಅಜ್ಜಿ..."

"ಅವಳೇನು ಸೀರೆ ಮೂಟೆಯಾ? ಕುರ್ಚಿ ತಾ ಅಂದೆ!"

ಯಜಮಾನರ ಸುತ್ತುವ ಕುರ್ಚಿ ಬಂತು. ಹುಡುಗಿ ಕೂತಳು. ಅಜ್ಜಿ ಬೆವರುತ್ತಿದ್ದ ನನ್ನನ್ನು ನೋಡಿ, "ನಿಂದು ನಿಲ್ಲೋ ವಯಸ್ಸು, ನೀನೂ ಕೂತ್ಕೊ" ಅಂತ ತಮ್ಮ ಪಕ್ಕದಲ್ಲೇ ಕೂರಿಸಿಕೊಂಡರು.

"ಮತ್ತೆ ಸೀರೆ ತೋರಿಸೋರು ಯಾರು ಅಜ್ಜಿ?" ಯಜಮಾನರ ಧ್ವನಿ ಸಣ್ಣಗಾಗಿತ್ತು.

"ಯಾಕೆ, ನಿಂಗೆ ಹೆಗಲಿಲ್ವಾ?"

ಇಡೀ ಮದುವೆಯ ಜವಳಿ ಬಿಡುವುದುಂಟೇ? ಯಜಮಾನರು ಮೊದಲನೇ ಸೀರೆ ಹೆಗಲಿಗೆ ಹಾಕಿಕೊಂಡರು. "ಹಂಗಲ್ಲ, ನೆರಿಗೆ ಹಿಡಿ. ಸೆರಗು ಬಿಡು. ಆ ಕಡೆ ತಿರುಗು. ಛೆ, ಕಾಫಿ ಬಣ್ಣ ನಿನಗೆ ಒಪ್ಪಲ್ಲ ಕಣಪ್ಪ, ಬೇರೆ ಉಡು." ಊಟದ ಹೊತ್ತು ದಾಟಿ ಕಾಫಿ ಹೊತ್ತಾಯಿತು. ಯಜಮಾನರು ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಹಾಕುತ್ತಾ, ಸೊಂಟ ಹಿಡಿದುಕೊಂಡು, "ಅಜ್ಜಿ, ಎರಡು ನಿಮಿಷ ಕೂತ್ಕೊಂಡ್ಬುಡ್ಲಾ?" ಅಂದರು. "ಮುಟ್ಟಾಗಿದ್ದೀಯಾ?" ಅಂದರು ಅಜ್ಜಿ. "ಇಲ್ಲ ಅಜ್ಜಿ." "ಹಾಗಾದ್ರೆ ನಿಂತ್ಕೊ."

ಕೊನೆಗೆ ಗಿಣಿ ಹಸಿರು, ಕೆಂಪು ಅಂಚಿನ ಸೀರೆ ಬಂತು. ಸೆರಗನ್ನು ತಲೆ ಮೇಲೆ ಹೊದ್ದು ತೋರಿಸು ಅಂದರು ಅಜ್ಜಿ. ಯಜಮಾನರು ಹೊದ್ದರು. ಸರಿಯಾಗಿ ಆಗಲೇ ಅವರ ಹೆಂಡತಿ ಒಳಗೆ ಬಂದರು. ಗಂಡನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಏನ್ರೀ ಇದು!" ಅಂದರು ಆಕೆ. "ಹಬ್ಬಕ್ಕೆ ನಾನು ಇದೇ ಸೀರೆ ಕೇಳಿದಾಗ ಸ್ಟಾಕ್ ಇಲ್ಲ ಅಂದಿದ್ರಿ!"