ಸಾಮಾನು ಬಂದಿಲ್ಲ

ಬೇರೆಯವರು ಸುಮ್ಮನೆ ಕೂತಿದ್ದನ್ನು ಬರೆದಿಡುವುದಕ್ಕೇ ಸಂಬಳ ಪಡೆಯುವ ಮನುಷ್ಯನನ್ನು ನೀವು ನೋಡಿರಲಿಕ್ಕಿಲ್ಲ. ನಾನೇ ಅವನು. ಶಹಾಪುರದಲ್ಲಿ ಒಂದು ಶಾಲೆಯ ಕಟ್ಟಡ ಏಳುತ್ತಿದೆ. ಗೌಂಡಿಗಳು ಎಷ್ಟು ಹೊತ್ತು ದುಡಿದರೆಂಬುದನ್ನು ಗೋಡೆಯೇ ಹೇಳುತ್ತದೆ. ಎಷ್ಟು ಹೊತ್ತು ದುಡಿಯಲಿಲ್ಲ ಎಂಬುದನ್ನು ನಾನು ಹೇಳಬೇಕು. ಅದಕ್ಕೊಂದು ಹಾಳೆಯಿದೆ. ಖಾಲಿ ಹೋದ ಹೊತ್ತು, ಅದರ ಕಾರಣ; ಕಾರಣ 'ಸಾಮಾನು ಬಂದಿಲ್ಲ' ಎಂದಾದರೆ 'ಯಾವಾಗ ಬರುತ್ತದೆ' ಎಂದು ಮತ್ತೊಂದು ಖಾನೆ. ಕಾರಣವಿಲ್ಲದೆ ಕೂತವರನ್ನು ಎಂಜಿನಿಯರರು ಕೆಲಸದಿಂದ ಬಿಡಿಸುತ್ತಾರೆ.

ಹಿರಿಯ ಗೌಂಡಿ ಮಹಬೂಬ ಚಾಚಾ. ಗೋಡೆಗೆ ಬಳಿಯುವ ಗಿಲಾವಿನ ಸಣ್ಣ ಉಸುಕು ಯಾವಾಗ ಬರುತ್ತದೆಂದು ಕೇಳಿದರೆ ಅವರದು ಒಂದೇ ಮಾತು, "ನಾಳಿ ಅಂತ ಬರೀರಿ."

"ಹದಿನೈದು ದಿನದಿಂದ ನಾಳೀನ ಬರೀಲಿಕತ್ತೀನಿ ಚಾಚಾ. ನಿಮ್ಮ ನಾಳಿಗೇನು ಕಾಲು ಮುರದಾವ?"

"ಕುಂಟ್ಕೋತ ಬರಾಕತ್ತದ್ರಿ ಸರ. ದೇವಾಪುರ ದಾಟಿರಬೇಕು."

ಎಲ್ಲರೂ ನಕ್ಕರು. ಹುಸಿ ನಾಳೆಗಳನ್ನು ಹಿಡಿಯುವುದರಲ್ಲಿ ನನ್ನದು ಎತ್ತಿದ ಕೈ ಎಂದು ನಾನೂ ಬೀಗಿದೆ.

ನನ್ನ ಹೆಂಡತಿ ಶಾಂತಮ್ಮ ದಿನಾ ಹನ್ನೊಂದಕ್ಕೆ ಫೋನು ಮಾಡುತ್ತಿದ್ದಳು. "ಬುತ್ತ್ಯಾಗ ಪುಂಡಿಪಲ್ಯ ಅದರಿ. ಮಂದಿಗೆಲ್ಲಾ ಹಂಚಿ ನೀವು ಬರೇ ರೊಟ್ಟಿ ತಿನಬ್ಯಾಡ್ರಿ." ಕೆಲಸದ ಹೊತ್ತೆಂದು ನಾನು 'ಹ್ಞೂಂ' ಎಂದಷ್ಟೇ ಹೇಳಿ ಇಟ್ಟುಬಿಡುತ್ತಿದ್ದೆ. ಅಷ್ಟು ಪ್ರಾಮಾಣಿಕ ನೌಕರ ನಾನು. ಮೂರೇ ದಿನದ ಜ್ವರದಲ್ಲಿ ಅವಳು ಹೋಗಿ ಐದು ತಿಂಗಳಾಯಿತು. ಈಗಲೂ ಹನ್ನೊಂದಕ್ಕೆ ಕೈ ತಾನೇ ಫೋನು ತೆಗೆಯುತ್ತದೆ. ಇಟ್ಟಿಗೆಯ ರಾಶಿಯ ಮಗ್ಗುಲಲ್ಲಿ ಅದನ್ನು ಹಿಡಿದು ನಿಲ್ಲುತ್ತೇನೆ. ಹತ್ತು ನಿಮಿಷವಿದ್ದದ್ದು ಬರಬರುತ್ತ ಅರ್ಧ ಗಂಟೆಯಾಯಿತು.

ಒಂದು ದಿನ ಎಂಜಿನಿಯರರ ಕಣ್ಣಿಗೇ ಬಿದ್ದೆ. "ಮಂದೀದು ಬರೀತೀರಿ, ನಿಮ್ಮದೂ ಬರೀರಿ. ಕಾರಣ ಇಲ್ಲಂದ್ರ ನಿಮಗೂ ಅದೇ ಕಾನೂನು," ಎಂದು ಹೇಳಿ ಹೋದರು.

ಹಾಳೆ ಹಿಡಿದು, ಅದರಲ್ಲಿ ಅಚ್ಚಾದ ಕಾರಣಗಳನ್ನು ಓದುತ್ತ ಕೂತೆ. ಮಳೆಯೇ? ಆಕಾಶ ಬೋಳಾಗಿತ್ತು. ಯಂತ್ರ ಕೆಟ್ಟಿತೇ? ಕೆಟ್ಟದ್ದು ನಿಜ, ಆದರೆ ಹಾಳೆಯಲ್ಲಿದ್ದದ್ದು ಸಿಮೆಂಟು ಕಲಸುವ ಯಂತ್ರ. ಚಾಚಾ ಕರಣೆ ಒರೆಸುತ್ತ ಬಂದು ಬಗ್ಗಿ ನೋಡಿದರು.

"ಸಾಮಾನು ಬಂದಿಲ್ಲಂತ ಬರೀರಿ ಸರ."

"ಯಾವ ಸಾಮಾನು ಚಾಚಾ?"

"ಅದನ್ನ ಯಾರು ಕೇಳ್ತಾರ? ಬಂದಿಲ್ಲ ಅಂಬೋದು ಖರೇ ಅದ ಇಲ್ರಿ?"

ಬರೆದೆ. ಪೆನ್ನು ಮುಂದಿನ ಖಾನೆಗೆ ಬಂದು ನಿಂತಿತು. ಯಾವಾಗ ಬರುತ್ತದೆ? ಚಾಚಾ ನಗಲಿಲ್ಲ, ಮುಖ ತಿರುಗಿಸಿ, ಒರೆಸಿದ ಕರಣೆಯನ್ನೇ ಮತ್ತೆ ಒರೆಸತೊಡಗಿದರು.

ಅವರ ಉಸುಕು ಹೋದ ವಾರ ಬಂತು. ಈಗ ಇಡೀ ಕಟ್ಟಡದಲ್ಲಿ 'ನಾಳೆ' ಎಂದು ಬರೆಯುವವನು ನಾನೊಬ್ಬನೇ.