ಜಿನ್ನಪ್ಪನ ಹೆಸರಿನಲ್ಲಿ ನನ್ನ ರಕ್ತ

ಸತ್ತವರ ಬಗ್ಗೆ ಒಳ್ಳೆಯದನ್ನೇ ಬರೆಯಬೇಕು ಎನ್ನುವವರು ಇಲ್ಲಿಗೇ ಓದು ನಿಲ್ಲಿಸಬಹುದು. ನನಗೆ ಜಿನ್ನಪ್ಪನ ಮೇಲೆ ಸಿಟ್ಟಿದೆ. ಅವನು ತೀರಿಕೊಂಡು ಎರಡು ತಿಂಗಳಾಯಿತು, ಸಿಟ್ಟು ಎಳ್ಳಷ್ಟೂ ಇಳಿದಿಲ್ಲ. ಇಳಿಸಿಕೊಳ್ಳುವ ಇರಾದೆಯೂ ನನಗಿಲ್ಲ. ಸದಲಗಾದ ಶಾಲೆಯಲ್ಲಿ ಮೂವತ್ತೊಂದು ವರ್ಷ ಕನ್ನಡ ಕಲಿಸಿದವನು ನಾನು. ಎಷ್ಟು ದಿನ ಬೇಕಾದರೂ ವ್ಯಾಕರಣ ತಪ್ಪದ ಹಾಗೆ ಸಿಟ್ಟು ಮಾಡಬಲ್ಲೆ.

ಜಿನ್ನಪ್ಪ ನನ್ನ ಬಾಲ್ಯದ ಗೆಳೆಯ. ದೂಧಗಂಗೆಯ ದಂಡೆಗೆ ನಾಲ್ಕು ಎಕರೆ ಕಬ್ಬು, ಆರು ಎಮ್ಮೆ, ಮತ್ತು ಇವೆಲ್ಲವನ್ನೂ ಅವನನ್ನೂ ಕೂಡಿಯೇ ಸಂಭಾಳಿಸುವ ಹೆಂಡತಿ ತ್ರಿಶಲಾ. ನಾನು ಅವರನ್ನು ವೈನಿ, ಅಂದರೆ ಅತ್ತಿಗೆ, ಎನ್ನುತ್ತೇನೆ. ಹನ್ನೊಂದು ವರ್ಷದ ಹಿಂದೆ ಇವನ ಕುತ್ತಿಗೆಯಲ್ಲಿ ಗಂಟು ಕಾಣಿಸಿತು, ಕ್ಯಾನ್ಸರ್ ಎಂದರು, ಮಿರಜಿನಲ್ಲಿ ಆರು ಸಲ ಕಿಮೋ ಆಯಿತು. ಗಂಟು ಹೋಯಿತು. ಕೂದಲು ಮರಳಿ ಬಂತು, ಅದೂ ಮೊದಲಿಗಿಂತ ದಟ್ಟವಾಗಿ, ನನ್ನ ಬೋಳು ತಲೆಯನ್ನು ಅಣಕಿಸುವ ಹಾಗೆ. ಮರಳಿ ಬಾರದೆ ಉಳಿದದ್ದು ರಕ್ತದ ಎಣಿಕೆ. ಬಿಳಿ ಕಣ ಮೂರು ಸಾವಿರ ದಾಟಲಿಲ್ಲ, ಪ್ಲೇಟ್‌ಲೆಟ್ ಲಕ್ಷ ಮುಟ್ಟಲಿಲ್ಲ.

ಮಿರಜಿನ ಡಾಕ್ಟರು ಮೊದಲೇ ಹೇಳಿದ್ದರು. ಆ ಔಷಧ ರೋಗದ ಜೊತೆಗೆ ಎಲುಬಿನೊಳಗೆ ರಕ್ತ ತಯಾರಾಗುವ ಜಾಗಕ್ಕೂ ಪೆಟ್ಟು ಕೊಟ್ಟಿರುತ್ತದೆ. ಕೆಲವರಿಗೆ ಎಣಿಕೆ ವರ್ಷಗಟ್ಟಲೆ ಕೆಳಗೇ ಇರುತ್ತದೆ. ಇದ್ದಲ್ಲೇ ಇದ್ದರೆ ಹೆದರಬೇಡಿ, ಇಳಿಯಲು ಹತ್ತಿದರೆ ಮಾತ್ರ ಓಡಿ ಬನ್ನಿ. ಆರು ತಿಂಗಳಿಗೊಮ್ಮೆ ಚಿಕ್ಕೋಡಿಯಲ್ಲಿ ತಪಾಸಣೆ. ಪ್ರತಿ ಸಲವೂ ಕಾಗದದ ಮೇಲೆ ಕೆಂಪು ಅಕ್ಷರ, ಪ್ರತಿ ಸಲವೂ ಮನೆಯಲ್ಲಿ ಹೊಸ ಕಾಯ್ದೆ. ಸಂತೆಗೆ ಹೋಗಬಾರದು, ನೆಗಡಿಯಾದವರ ಬಳಿ ಕೂರಬಾರದು, ಎಮ್ಮೆ ಒದೆಯುವಷ್ಟು ಹತ್ತಿರ ನಿಲ್ಲಬಾರದು. ಊರಿನವರ ಸಲಹೆಗಳು ಬೇರೆ. ಬೀಟ್‌ರೂಟ್ ತಿನ್ನಿಸಿ ಎಂದು ಹತ್ತು ಜನ ಹೇಳಿದರು. ನೆಲದೊಳಗೆ ಬೆಳೆದದ್ದನ್ನು ತಿನ್ನದ ಜೈನರ ಮನೆಗೆ ಬಂದು, ಅವರದೇ ಚಹಾ ಕುಡಿಯುತ್ತ ಹೇಳಿದರು.

ಹೋದ ವರ್ಷ ಶ್ರಾವಣದಲ್ಲಿ ಜಿನ್ನಪ್ಪ ನನ್ನ ಮನೆಗೆ ಬಂದು ಕಟ್ಟೆಯ ಮೇಲೆ ಕೂತ. ಅವರ ಸಮಾಜದ ಬಸ್ಸು ದೀಪಾವಳಿ ಆದಮೇಲೆ ಸಮ್ಮೇದ ಶಿಖರಜಿಗೆ ಹೊರಟಿತ್ತು.

"ಏರಬೇಕಲೇ ಮಾಸ್ತರ. ಒಂದ ಸಲರ ಆ ಗುಡ್ಡ ಏರಬೇಕು."

"ಏರು. ಯಾರ ಬ್ಯಾಡಂತಾರ?"

"ನಿಮ್ಮ ವೈನಿ. ಈ ಸಲ ರಿಪೋರ್ಟ್ ಚಲೋ ಬಂದ್ರ ಹೋಗು ಅಂದಾಳ. ಹನ್ನೊಂದ ವರ್ಷ ಬರದ್ದು ಈ ಸಲ ಎಲ್ಲಿಂದ ಬರ್ತೈತಿ?"

ಇಲ್ಲಿ ನಾನು ನನ್ನ ಜೀವನದ ಅತ್ಯಂತ ಭವ್ಯವಾದ ಮೂರ್ಖತನಕ್ಕೆ ಎದ್ದು ನಿಂತೆ. ಅರವತ್ತಾದರೂ ನನಗೆ ಒಂದು ಗುಳಿಗೆಯಿಲ್ಲ. ಕಾರ್ಖಾನೆಯ ಹೊಗೆ, ಗಾಣದ ಬೆಲ್ಲ, ಎಮ್ಮೆಯ ಹಾಲು ಕೂಡಿ ತಯಾರಾದ ಅಪ್ಪಟ ಗಡಿನಾಡಿನ ರಕ್ತ ನನ್ನದು. ಇಂಥ ರಕ್ತವಿರುವಾಗ ಗೆಳೆಯ ಗುಡ್ಡ ಏರದೆ ಉಳಿಯುವುದೇ?

"ನಿನ್ನ ಹೆಸರಿಲೆ ನಾ ಕೊಟ್ಟ ಬರ್ತೀನಿ," ಎಂದೆ.

ಜಿನ್ನಪ್ಪ ನಕ್ಕ. ಬೇಡ ಎನ್ನಲಿಲ್ಲ. ಇದು ಅವನ ಮೇಲಿನ ನನ್ನ ಮೊದಲನೆಯ ಸಿಟ್ಟು.

ಚಿಕ್ಕೋಡಿಯಲ್ಲಿ ಬಸ್ಸಿಳಿದವನು, ರಕ್ತಕ್ಕೆ ಹುರುಪು ಬರಲೆಂದು ನಾಲ್ಕು ಜಿಲೇಬಿ ತಿಂದು ಲ್ಯಾಬಿಗೆ ಹೋದೆ. ಗಾಜಿನ ಹಿಂದಿದ್ದ ಹೆಣ್ಣುಮಗಳು ಹೆಸರು ಕೇಳಿದಳು. ಜಿನ್ನಪ್ಪ ಎಂದೆ. ವಯಸ್ಸು? ಅರವತ್ತು. ತಲೆ ಎತ್ತದೆ ಚೀಟಿ ಕೊಟ್ಟಳು. ಬೆಳಗಾವಿಗೆ ಹೋಗುವ ಬಸ್ಸಿನಲ್ಲಿ ಒಂದು ಸೀಟು ಹಿಡಿಯಲು ಆಧಾರ್ ಕಾರ್ಡು ತೋರಿಸುತ್ತಾರೆ ನಮ್ಮ ಹೆಂಗಸರು; ಒಬ್ಬನ ಪ್ರಾಣದ ಲೆಕ್ಕ ತೆಗೆಯುವವರಿಗೆ ಅವನ ಮುಖವೂ ಬೇಡ. ಆಗ ಅನುಕೂಲವೆನಿಸಿತ್ತು. ಈಗ ನೆನೆದರೆ ಆ ಗಾಜನ್ನು ಒಡೆಯಬೇಕೆನಿಸುತ್ತದೆ. ಜೊತೆಗೆ ರಿಯಾಯತಿಯಲ್ಲಿ ಇಡೀ ಮೈಯ ತಪಾಸಣೆಯೂ ಇದೆ, ಮಾಡಿಸುತ್ತೀರಾ ಎಂದಳು. ಮಾಡು ತಾಯಿ ಎಂದೆ. ವಿಜಯಯಾತ್ರೆ ಅರ್ಧಕ್ಕೆ ನಿಲ್ಲಬಾರದಲ್ಲ.

ಮಾರನೆಯ ದಿನ ವೈನಿ ನನ್ನನ್ನು ಕರೆಸಿದರು. ಜಿನ್ನಪ್ಪ ಮೂಲೆಯಲ್ಲಿ, ಪರೀಕ್ಷೆ ಬರೆದು ಬಂದ ಹುಡುಗನ ಹಾಗೆ ಕೂತಿದ್ದ. ವೈನಿ ಕಾಗದವನ್ನು ಎರಡು ಸಲ ಓದಿ ಮಡಚಿದರು.

"ಬಿಳಿ ಕಣ ಎಂಟ ಸಾವಿರ. ಪ್ಲೇಟ್‌ಲೆಟ್ ಎರಡೂವರಿ ಲಕ್ಷ. ಚಮತ್ಕಾರ ಆಗೇತಿ ಮಾಸ್ತರ್ರ."

"ದೇವರ ದೊಡ್ಡವ ವೈನಿ."

"ಖರೆ. ಆದ್ರ ಸಕ್ಕರಿ ಇನ್ನೂರ ಎಂಬತ್ತಾರ ಐತಿ."

ಜಿನ್ನಪ್ಪ ನಿಧಾನವಾಗಿ ನನ್ನ ಕಡೆ ತಿರುಗಿದ. ನಾನು ತೊಲೆ ಎಣಿಸುತ್ತಿದ್ದೆ.

"ಅದ... ಜಿಲೇಬಿ ತಿಂದಿರಬೇಕವ," ಎಂದೆ.

"ಮೂರ ತಿಂಗಳದ್ದ ಸರಾಸರಿನೂ ಹಾಕ್ಯಾರ್ರಿ ಇದರಾಗ. ಮೂರ ತಿಂಗಳ ಜಿಲೇಬಿ ತಿಂದಾರೇನ್ರಿ?"

ತೀರ್ಪು ಬಂತು. ಶಿಖರಜಿಗೆ ಹೋಗಬಹುದು. ಆದರೆ ಅಲ್ಲಿಯವರೆಗೆ ಸಿಹಿ ಬಂದ್, ದಿನಾ ಬೆಳಗ್ಗೆ ಏಳಕ್ಕೆ ಒಂದು ಲೋಟ ಹಾಗಲಕಾಯಿ ರಸ. "ಇವರೊಬ್ಬರ ಕುಡಿಯೂದಿಲ್ಲ, ಹಟ ಮಾಡ್ತಾರ. ನೀವೂ ಬಂದ ಜೋಡೀಲೆ ಕುಡೀರಿ. ದೋಸ್ತಿ ಅಂದ್ಮ್ಯಾಲ ಅಷ್ಟೂ ಮಾಡೂದಿಲ್ಲೇನ್ರಿ?"

ಬೇಡ ಎನ್ನಲು ಯಾವ ಕಾರಣ ಕೊಡಲಿ? ಮೂರು ತಿಂಗಳು ಕುಡಿದೆ. ಅಷ್ಟಮಿ, ಚತುರ್ದಶಿಗೆ ಆ ಮನೆಯಲ್ಲಿ ಹಸಿರು ಕಾಯಿಪಲ್ಲೆ ಹೆಚ್ಚುವುದಿಲ್ಲ. ಜೈನನಲ್ಲದ ನಾನು ಪಂಚಾಂಗ ತೆರೆದು ಚತುರ್ದಶಿಗೆ ಕಾದಷ್ಟು ಯಾವ ಮುನಿಯೂ ಕಾದಿರಲಾರ. ಲೋಟ ಎತ್ತುವಾಗಲೆಲ್ಲ ಜಿನ್ನಪ್ಪ ಹೇಳುತ್ತಿದ್ದ: "ಕುಡಿಲೇ ಹರಾಮಖೋರ. ನಿನ್ನ ಪಾಪ ನಾನೂ ಕುಡ್ಯಾಕತ್ತೀನಿ." ಆಮೇಲೆ ಇಬ್ಬರೂ ಎಮ್ಮೆಗಳು ಬೆದರುವಷ್ಟು ನಗುತ್ತಿದ್ದೆವು. ಅವನು ಬಡವಾಗುತ್ತಿದ್ದ. ಸಿಹಿ ಬಿಟ್ಟದ್ದಕ್ಕೆ ಎಂದುಕೊಂಡೆ. ತೋಳಿನ ಮೇಲೆ ನೀಲಿ ಕಲೆಗಳಿದ್ದವು. ಎಮ್ಮೆ ಒದೆಯಿತು ಎಂದ. ವಾರಕ್ಕೊಮ್ಮೆ ಮಿರಜಿಗೆ ಹೋಗುತ್ತಿದ್ದ. ಎಮ್ಮೆಗೆ ಹಿಂಡಿ ತರಲು ಎಂದ. ಸದಲಗಾದಲ್ಲಿ ಹಿಂಡಿ ಸಿಗುವುದಿಲ್ಲವೇ ಎಂದು ಕೇಳುವಷ್ಟು ಬುದ್ಧಿಯೂ ಈ ಕನ್ನಡ ಮಾಸ್ತರನಿಗೆ ಇರಲಿಲ್ಲ.

ಗಂಡ ಹೆಂಡತಿ ಶಿಖರಜಿಗೆ ಹೋಗಿ ಬಂದರು. ಡೋಲಿಯಲ್ಲಿ ಏರಿದೆ ಎಂದ. ಸೋಮಾರಿ ಎಂದು ಬೈದೆ. ಹಾಗಲಕಾಯಿ ರಸ ಆಮೇಲೂ ನಿಲ್ಲಲಿಲ್ಲ.

ಸಂಕ್ರಮಣದ ಹಿಂದಿನ ವಾರ ಜ್ವರ ಬಂತು. ಮಿರಜಿಗೆ ಒಯ್ದರು. ನಾಲ್ಕನೆಯ ದಿನ ತೀರಿಕೊಂಡ. ಬಿಳಿ ಕಣ ಐದು ನೂರಕ್ಕೆ ಇಳಿದಿತ್ತಂತೆ. ಮಜ್ಜೆ ಕೆಟ್ಟು ಬಹಳ ದಿನವಾಗಿತ್ತಂತೆ. ಆ ಹಳೆಯ ಔಷಧದ ಬಾಕಿ, ಅಪರೂಪಕ್ಕೆ ಹೀಗೂ ಆಗುತ್ತದೆ ಎಂದರಂತೆ.

ಅಂತ್ಯಕ್ರಿಯೆಗೆ ಬಂದವರು ಮಾತಾಡಿಕೊಂಡರು. ಬೀಟ್‌ರೂಟ್ ಕೊಡಲಿಲ್ಲ ಎಂದ ಒಬ್ಬ. ಗುಡ್ಡ ಏರಬಾರದಿತ್ತು ಎಂದ ಇನ್ನೊಬ್ಬ. ಬಾಯಿ ಮುಚ್ಚಿಕೊಂಡು ಹೋಗಿ ಎಂದು ಕೂಗಿದೆ. ಎಲ್ಲರೂ ನನ್ನ ದುಃಖವನ್ನು ಗೌರವಿಸಿ ಸುಮ್ಮನಾದರು. ಅದು ದುಃಖವಲ್ಲ, ಭಯ. ಎಣಿಕೆ ಇಳಿಯಲು ಹತ್ತಿದರೆ ಓಡಿ ಬನ್ನಿ ಎಂದಿದ್ದರು ಡಾಕ್ಟರು. ಇಳಿಯುತ್ತಿದ್ದ ಹೊತ್ತಿನಲ್ಲಿ ಅವನ ಕಾಗದದ ಮೇಲೆ ಇದ್ದದ್ದು ನನ್ನ ಎಣಿಕೆ. ಗೆಳೆಯನನ್ನು ನಾನೇ ಕೊಂದೆನೇ? ಈ ಪ್ರಶ್ನೆಯ ಜೊತೆ ಒಂದು ತಿಂಗಳು ಉಂಡೆ, ಮಲಗಿದೆ. ಲ್ಯಾಬಿನವಳನ್ನು ಬೈದೆ, ಡಾಕ್ಟರನ್ನು ಬೈದೆ, ಬೇಡ ಎನ್ನದೆ ನಕ್ಕ ಜಿನ್ನಪ್ಪನನ್ನು ಎಲ್ಲರಿಗಿಂತ ಹೆಚ್ಚು ಬೈದೆ. ಕೊನೆಗೆ ಒಂದು ಮುಂಜಾನೆ ಹೋಗಿ ವೈನಿಯ ಮುಂದೆ ನಿಂತು ಎಲ್ಲವನ್ನೂ ಹೇಳಿದೆ.

ವೈನಿ ಹಾಲು ಅಳೆಯುತ್ತಿದ್ದರು. ಅಳತೆ ತಪ್ಪಲಿಲ್ಲ.

"ಆ ರಿಪೋರ್ಟಿನಾಗ ರಕ್ತದ ಗುಂಪು ಬಿ ಪಾಸಿಟಿವ್ ಅಂತಿತ್ತು. ಇವರದು ಓ. ಕಿಮೋದಾಗ ರಕ್ತಕ್ಕ ಮಿರಜಿನ ತುಂಬ ಅಡ್ಡಾಡಿದಾಕಿ ನಾನು, ಮರೀತೀನೇನ್ರಿ? ಆವಾಗ ಬಿ ಅಂತ ಹೊಳ್ಳಿ ಕಳಿಸಿದ್ದು ಯಾರನ್ನ?"

ನನ್ನನ್ನೇ. ನಾನದನ್ನು ಮರೆತಿದ್ದೆ.

"ಆ ರಿಪೋರ್ಟ್ ಬಂದ ದಿನಾನ ಇವರನ್ನ ಕರಕೊಂಡ ಮಿರಜಿಗೆ ಹೋದೆ. ಖರೆ ಎಣಿಕಿ ಅರ್ಧಕ್ಕ ಇಳಿದಿತ್ತು. ವಾರ ವಾರ ರಕ್ತ ಏರಿಸಿದ್ರು. ನಿಮ್ಮಿಂದ ಒಂದ ದಿನಾನೂ ಹಾಳಾಗಿಲ್ಲ. ಉಳಿದ ದಿನ ಕಡಿಮಿ ಅಂತ ತಿಳಿದ ಮ್ಯಾಲನ ಶಿಖರಜಿಗೂ ಬಿಟ್ಟೆ."

ಎದೆಯ ಭಾರ ಇಳಿಯಬೇಕಿತ್ತು. ಇಳಿಯುವ ಮೊದಲೇ ಸಿಟ್ಟು ಏರಿತು.

"ಐದ ತಿಂಗಳು ನನಗೊಬ್ಬಂಗ ಗೊತ್ತಿರಲಿಲ್ಲ! ಯಾಕ ಹೇಳಲಿಲ್ಲ ವೈನಿ?"

"ಹೇಳಿದ್ರ ನೀವು ಅಳತಿದ್ರಿ. ಇವರು ನಿಮ್ಮನ್ನ ಸಮಾಧಾನ ಮಾಡಬೇಕಾಗ್ತಿತ್ತು. ಅಷ್ಟ ದಮ್ಮ ಇವರಿಗೆಲ್ಲಿತ್ರಿ?" ಈಗ ವೈನಿಯ ದನಿಯೂ ಏರಿತು. "ದಿನಾ ಮುಂಜಾನೆ ಬಾಯಾಗ ಹುಣ್ಣ ಇಟ್ಕೊಂಡ ಆ ಕಹಿ ಕುಡದ್ರು. ಯಾರ ಸಲುವಾಗಿ? ನಾ ಬಿಟ್ರ ಅಂವ ಬಿಡತಾನ ಅಂದ್ರು. ಇವರು ಹೋದ ಮ್ಯಾಲ ಒಂದ ದಿನರ ಕುಡದೀರೇನ್ರಿ? ಸಕ್ಕರಿ ತಪಾಸ್ನಿ ಮಾಡಿಸೀರೇನ್ರಿ?"

ಹಿಂದಿನ ದಿನವಷ್ಟೇ ಯಾರದೋ ಸೀಮಂತದಲ್ಲಿ ಆರು ಲಾಡು ತಿಂದಿದ್ದೆ.

"ನಾಳೆ ಎಂಟಕ್ಕ ಚಿಕ್ಕೋಡಿ ಲ್ಯಾಬಿನಾಗ ನಿಮ್ಮ ಹೆಸರ ಹಚ್ಚೀನಿ. ನಾನೂ ಬರ್ತೀನಿ. ನಿಮ್ಮ ಹೆಸರಿಲೆ ನಿಮ್ಮ ಸಾಲ್ಯಾಗಿನ ಆ ಡ್ರಿಲ್ ಮಾಸ್ತರ ಸಂಭಾಜಿನ್ನ ಕಳಸಬ್ಯಾಡ್ರಿ."

ವೈನಿಯ ಮೇಲಿನ ನನ್ನ ಸಿಟ್ಟು ಅಲ್ಲಿಗೇ ಬಾಯಿ ಮುಚ್ಚಿತು. ಯಾಕೆಂದರೆ ಅವರು ಲ್ಯಾಬು ಎಂದ ಕೂಡಲೇ ನಾನು ನೆನೆದದ್ದು ಸಂಭಾಜಿಯನ್ನೇ.